ತಾತನ ಕಾಗದಗಳನ್ನು ಕಾಪಾಡುವ ಬಗೆ, ಅವುಗಳಿಂದ ಮನೆತನದ ಚರಿತ್ರೆ ಹುಡುಕುವ ಬಗೆ

ಮಂಡ್ಯ ಸೀಮೆಯ ಹಳ್ಳಿಮನೆಗಳಲ್ಲಿ ಟಪಾಲಿನಲ್ಲಿ ಬಂದ ಕಾಗದಗಳನ್ನು ಓದಿ ಮುಗಿಸಿದ ಮೇಲೆ ಕೊಕ್ಕೆಯ ತಂತಿಯೊಂದಕ್ಕೆ ಚುಚ್ಚಿ ಗೋಡೆಯ ಮೊಳೆಗೆ ನೇತುಹಾಕುವ ರೂಢಿಯಿತ್ತು. ನಮ್ಮ ಹಳೆಯ ತೊಟ್ಟಿಮನೆಯನ್ನು ಕೆಡವಲು ನಿಶ್ಚಯವಾದಾಗ ಪಡಸಾಲೆಯ ಮೂಲೆಯಲ್ಲಿ ಅಂಥ ಎರಡು ತಂತಿಗಳು, ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಸಿಕ್ಕವು. ಟ್ರಂಕಿನಲ್ಲಿ ತಾತನ ಲೆಕ್ಕದ ಪುಸ್ತಕಗಳು, ಡೈರಿಗಳು, ಕಂದಾಯದ ರಸೀದಿಗಳು, ಒಂದು ಪಾಲುಪಾರೀಕತ್ತು (ಆಸ್ತಿ ಹಂಚಿಕೊಂಡ ಪತ್ರ), ಕೆಂಪು ಬಟ್ಟೆಯಲ್ಲಿ ಸುತ್ತಿದ ಜಾತಕಗಳು ಇದ್ದವು. ಒಂದು ಭಾನುವಾರ ಇಡೀ ದಿನ ಕುಳಿತು ಮೊದಲ ತಂತಿಯ ಕಾರ್ಡುಗಳನ್ನೆಲ್ಲ ಬಿಡಿಸಿ, ಬರೆದವರ ಹೆಸರಿನಂತೆ ವಿಂಗಡಿಸಿ, ಒಂದೊಂದು ಕಟ್ಟಿಗೂ ರಬ್ಬರ್ ಬ್ಯಾಂಡ್ ಹಾಕಿಟ್ಟೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ನಾನು ಕೆಡಿಸಿದ್ದು ಏನೆಂಬುದು ತಿಳಿಯಲು ಎರಡು ತಿಂಗಳು ಬೇಕಾಯಿತು.

ತಂತಿಯಲ್ಲಿ ಕೆಳಗಿದ್ದದ್ದು ಮೊದಲು ಬಂದ ಕಾಗದ, ಮೇಲಿದ್ದದ್ದು ಆಮೇಲೆ ಬಂದದ್ದು. ಹಳ್ಳಿಯವರು ಬರೆದ ಕಾರ್ಡುಗಳಲ್ಲಿ ಅನೇಕಕ್ಕೆ ತಾರೀಖೇ ಇರುವುದಿಲ್ಲ, ಅಂಚೆಯ ಮೊಹರು ಮಸಿಯ ಮುದ್ದೆಯಾಗಿರುತ್ತದೆ. ಆದರೆ ಅದರ ಕೆಳಗಿನ ಕಾರ್ಡಿಗೂ ಮೇಲಿನ ಕಾರ್ಡಿಗೂ ತಾರೀಖಿದ್ದರೆ ನಡುವಿನದು ಯಾವ ವಾರದ್ದೆಂದು ಹೇಳಬಹುದಾಗಿತ್ತು. ಆ ಅನುಕೂಲವನ್ನು ನಾನೇ ಕೈಯಾರೆ ಕಳೆದೆ. ಎರಡನೆಯ ತಂತಿಯನ್ನು ಮುಟ್ಟುವ ಹೊತ್ತಿಗೆ ಬುದ್ಧಿ ಬಂದಿತ್ತು. ಮುಂದೆ ಹೇಳುವ ಕ್ರಮವೆಲ್ಲ ಆ ಎರಡನೆಯ ತಂತಿಯಿಂದ ಕಲಿತದ್ದು.

ಮುಟ್ಟುವ ಮೊದಲು

ಕಾಗದಗಳು ಸಿಕ್ಕ ಜಾಗದಲ್ಲಿ, ಸಿಕ್ಕ ಸ್ಥಿತಿಯಲ್ಲಿಯೇ ಮೊದಲು ಫೋಟೋ ತೆಗೆಯಿರಿ. ಟ್ರಂಕು ಮುಚ್ಚಿರುವಾಗ ಒಂದು, ಮುಚ್ಚಳ ತೆರೆದಾಗ ಒಂದು, ಒಂದೊಂದು ಕಟ್ಟು ಮೇಲೆತ್ತಿದಾಗಲೂ ಒಂದೊಂದು ಚಿತ್ರ ಬೇಕು. ನಂತರ ಮೇಲಿನಿಂದ ಕೆಳಕ್ಕೆ ಒಂದೊಂದಕ್ಕೂ ಸಂಖ್ಯೆ ಕೊಟ್ಟು ಪಟ್ಟಿ ಮಾಡಿಕೊಳ್ಳಿ. ಸಂಖ್ಯೆಯನ್ನು ಕಾಗದದ ಹಿಂಬದಿಯ ಮೂಲೆಯಲ್ಲಿ ಮೆದು ಪೆನ್ಸಿಲಿನಿಂದ ಒತ್ತಿಲ್ಲದೆ ಬರೆಯಬೇಕು. ಪೆನ್ನು ಮುಟ್ಟಬಾರದು, ಅಂಟುಚೀಟಿ ಹಚ್ಚಬಾರದು. ಯಾವ ಪುಸ್ತಕದ ಯಾವ ಪುಟದ ನಡುವೆ ಯಾವ ಚೀಟಿ ಸಿಕ್ಕಿತೆಂಬುದನ್ನು ಕೂಡ ಬರೆದುಕೊಳ್ಳಿ, ಏಕೆಂದರೆ ನಮ್ಮ ಹಿರಿಯರು ಪುಸ್ತಕದ ನಡುವೆ ಚೀಟಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ತಾತನ ಒಂದು ಲೆಕ್ಕದ ಪುಸ್ತಕದಲ್ಲಿ ಸಾಲ ತೀರಿಸಿದ ಪುಟದ ನಡುವೆಯೇ ಹರಿದ ಪ್ರಾಮಿಸರಿ ನೋಟಿನ ಅರ್ಧ ಇತ್ತು. ಅದನ್ನು ಬೇರೆ ಕಡೆ ಎತ್ತಿಟ್ಟಿದ್ದರೆ ಅದು ಬರೀ ಹರಿದ ಕಾಗದವಾಗಿ ಉಳಿಯುತ್ತಿತ್ತು.

ಇಲ್ಲದಿರುವ ಕಾಗದಗಳಿಗೂ ಅರ್ಥವಿದೆಯೆಂಬುದನ್ನು ನೆನಪಿಡಬೇಕು. ಶುಭದ ಕಾಗದಕ್ಕೆ ಮೂಲೆಗಳಲ್ಲಿ ಅರಿಸಿನ ಹಚ್ಚುತ್ತಿದ್ದರು. ಸಾವಿನ ಸುದ್ದಿ ಬಂದರೆ ಓದಿದ ಕೂಡಲೇ ಹರಿದು ಹೊರಗೆ ಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ಆದ್ದರಿಂದ ತಂತಿಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳೆಲ್ಲ ಸಿಕ್ಕಿ, ಮರಣಗಳು ಮಾತ್ರ ಸಿಕ್ಕುವುದಿಲ್ಲ. ಒಬ್ಬರ ಕಾಗದಗಳು ಒಂದು ಹಂತದಲ್ಲಿ ಥಟ್ಟನೆ ನಿಂತುಹೋದರೆ ಆ ಕಾಲದ ಆಸುಪಾಸಿನಲ್ಲಿ ಬೇರೆ ದಾಖಲೆಗಳನ್ನು ನೋಡಬೇಕೆಂಬ ಸೂಚನೆ ಅದು. ಅರಿಸಿನದ ಕಲೆಯನ್ನು ಕೊಳೆಯೆಂದು ಒರೆಸಲು ಹೋಗಬೇಡಿ.

ಕಾಗದದ ಆರೈಕೆ

ಇಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಲ್ಯಾಮಿನೇಷನ್ ಮಾಡಿಸಬಾರದು. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಕ್ಕೆ ಇಳಿದ ಮೇಲೆ ಅದನ್ನು ಬಿಡಿಸಲಾಗುವುದಿಲ್ಲ. ಸೆಲ್ಲೋಟೇಪು ಹಚ್ಚಿದ ಜಾಗ ಕೆಲವೇ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ, ಅಂಟು ಅಕ್ಷರವನ್ನೂ ನುಂಗುತ್ತದೆ. ಗುಂಡುಪಿನ್ನು, ಸ್ಟೇಪಲ್, ರಬ್ಬರ್ ಬ್ಯಾಂಡುಗಳನ್ನು ತೆಗೆಯಬೇಕು, ಆದರೆ ತುಕ್ಕು ಹಿಡಿದ ಪಿನ್ನನ್ನು ಎಳೆದರೆ ಕಾಗದವೂ ಜೊತೆಗೆ ಬರುತ್ತದೆ. ಪಿನ್ನಿನ ಕೆಳಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತೂರಿಸಿ, ಲೋಹವನ್ನು ಕಾಗದದಿಂದ ಮೊದಲು ಎಬ್ಬಿಸಿ, ಆಮೇಲೆ ನಿಧಾನವಾಗಿ ಜಾರಿಸಿ ತೆಗೆಯಬೇಕು. ತಂತಿಯ ಕಾರ್ಡುಗಳನ್ನು ತೆಗೆಯುವಾಗ ಕೊಕ್ಕೆಯ ಕಡೆಯಿಂದ ಎಳೆಯದೆ, ತಂತಿಯನ್ನೇ ಕತ್ತರಿಸಿ ನೇರವಾದ ತುದಿಯಿಂದ ಒಂದೊಂದಾಗಿ ಇಳಿಸಿದರೆ ತೂತು ದೊಡ್ಡದಾಗುವುದಿಲ್ಲ.

ಧೂಳನ್ನು ಮೆತ್ತನೆಯ ಬಣ್ಣದ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಗುಡಿಸಬೇಕು. ಒದ್ದೆ ಬಟ್ಟೆ ಯಾವ ಕಾರಣಕ್ಕೂ ಬೇಡ, ಏಕೆಂದರೆ ಫೌಂಟನ್ ಪೆನ್ನಿನ ನೀಲಿ ಶಾಯಿ ಎಷ್ಟು ಹಳೆಯದಾದರೂ ನೀರು ತಾಗಿದರೆ ಹರಡುತ್ತದೆ. ಬೂಷ್ಟು ಕಂಡರೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಆ ಕಾಗದಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ನೆರಳಿನಲ್ಲಿ ಗಾಳಿಗೆ ಪೂರ್ತಿ ಒಣಗಿಸಿದ ಮೇಲೆಯೇ ಗುಡಿಸಬೇಕು. ಹಸಿಯಾಗಿರುವಾಗ ಒರೆಸಿದರೆ ಬೂಷ್ಟು ಕಾಗದದೊಳಕ್ಕೆ ಹೋಗುತ್ತದೆ. ಮಳೆಯಲ್ಲಿ ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕುವುದು ನಮ್ಮಲ್ಲಿ ಸಾಮಾನ್ಯ, ಆದರೆ ಬಿಸಿಲಿಗೆ ಕಾಗದ ಸುರುಟುತ್ತದೆ, ಶಾಯಿ ಮಾಸುತ್ತದೆ. ಪುಟಗಳ ನಡುವೆ ಬಿಳಿಯ ಒತ್ತುಕಾಗದವಿಟ್ಟು ಫ್ಯಾನಿನ ಕೆಳಗೆ ಒಣಗಿಸಿ, ಒತ್ತುಕಾಗದವನ್ನು ಆಗಾಗ ಬದಲಿಸುತ್ತಿರಬೇಕು. ಕೈಗವಸು ಹಾಕಿಕೊಂಡೇ ಕಾಗದ ಮುಟ್ಟಬೇಕೆಂಬ ನಂಬಿಕೆಯಿದೆ. ಫೋಟೋಗಳಿಗೆ ಅದು ಸರಿ, ಹಳೆಯ ಕಾಗದಕ್ಕೆ ತೊಳೆದು ಒರೆಸಿದ ಬರಿಗೈಯೇ ಮೇಲು. ಗವಸಿನ ಬೆರಳಿಗೆ ಪುಟದ ಅಂಚು ಎಷ್ಟು ಪುಡಿಯಾಗಿದೆಯೆಂಬುದು ತಿಳಿಯುವುದಿಲ್ಲ.

ಇಡುವ ಜಾಗದ ವಿಷಯಕ್ಕೆ ಬಂದರೆ, ಅಟ್ಟದಂಥ ಕೆಟ್ಟ ಜಾಗ ಮತ್ತೊಂದಿಲ್ಲ. ಬೇಸಿಗೆಯಲ್ಲಿ ಹೆಂಚಿನ ಕಾವು, ಮಳೆಗಾಲದಲ್ಲಿ ಸೋರಿಕೆ, ವರ್ಷವಿಡೀ ಇಲಿ. ಬಚ್ಚಲಿನ ಗೋಡೆಗೆ ತಾಗಿದ ಬೀರುವೂ ದೇವರಮನೆಯ ದೀಪದ ಮಸಿ ಹತ್ತುವ ಗೂಡೂ ಬೇಡ. ಒಳಕೋಣೆಯ ಬೀರುವಿನ ನಡುವಿನ ಅರೆ ಒಳ್ಳೆಯದು. ಆಮ್ಲವಿಲ್ಲದ ಕಾಗದದ ಲಕೋಟೆ, ಪೆಟ್ಟಿಗೆಗಳು ಸಿಕ್ಕರೆ ಉತ್ತಮ. ಇಲ್ಲವಾದರೆ ಗಂಜಿ ಹೋಗುವಂತೆ ಎರಡು ಮೂರು ಸಲ ಒಗೆದು ಒಣಗಿಸಿದ, ಬಣ್ಣ ಹಾಕದ ಖಾದಿ ಬಟ್ಟೆಯಲ್ಲಿ ಸುತ್ತಿಡುವ ಹಳೆಯ ಪದ್ಧತಿಯೇ ಸಾಕು. ಗಂಜಿ ಉಳಿದ ಬಟ್ಟೆಗೆ ಹುಳು ಬರುತ್ತದೆ. ಬೇವಿನ ಎಲೆಯನ್ನಾಗಲಿ ಬಜೆಯನ್ನಾಗಲಿ ಇಡುವುದಾದರೆ ಚೆನ್ನಾಗಿ ಒಣಗಿಸಿ ಬೇರೆ ಬಟ್ಟೆಯ ಗಂಟಿನಲ್ಲಿಡಿ, ಪುಟಗಳ ನಡುವೆ ಸೇರಿಸಬೇಡಿ. ನುಸಿಗುಳಿಗೆಯ ಹೊಗೆ ಕಾಗದಕ್ಕಿಂತ ಮೊದಲು ಮನೆಯವರ ಆರೋಗ್ಯವನ್ನು ಕೆಡಿಸುತ್ತದೆ. ಯಾವ ಔಷಧಿಗಿಂತಲೂ ಹೆಚ್ಚಿನ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಗಂಟು ಬಿಚ್ಚಿ ನೋಡುವ ಅಭ್ಯಾಸ ಮಾಡುತ್ತದೆ.

ಶಾನುಭೋಗಿಕೆಯ ಮನೆಗಳಲ್ಲಿ ಕಡತಗಳು ಸಿಕ್ಕಬಹುದು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪು ಹಲಗೆಯಂತೆ ಮಾಡಿ, ಮಡಿಚಿ, ಅದರ ಮೇಲೆ ಬಳಪದಿಂದ ಬರೆದವು ಅವು. ಅಂಗಿಯ ತೋಳು ತಾಗಿದರೂ ಅಕ್ಷರ ಅಳಿಸಿಹೋಗುತ್ತದೆಯಾದ್ದರಿಂದ ಗುಡಿಸುವುದು ಕೂಡ ಬೇಡ, ಪಕ್ಕದಿಂದ ಓರೆಯಾಗಿ ಬೆಳಕು ಬೀಳಿಸಿ ಫೋಟೋ ತೆಗೆದು ಹಾಗೆಯೇ ಮಡಿಚಿಡಿ. ತಾಳೆಗರಿಯ ಕಟ್ಟು ಸಿಕ್ಕರೆ ಮನೆಯಲ್ಲಿ ಎಣ್ಣೆ ಹಚ್ಚುವ ಪ್ರಯೋಗ ಮಾಡದೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರ ಸಲಹೆ ಕೇಳಿ. 1891ರಲ್ಲಿ ಆರಂಭವಾದ ಆ ಸಂಸ್ಥೆಯ ಓಲೆಗರಿಗಳ ನಡುವೆಯೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ದೊರೆತದ್ದು.

ಓದುವುದು, ಬರೆದುಕೊಳ್ಳುವುದು

ಮೂಲವನ್ನು ಪದೇ ಪದೇ ಬಿಡಿಸಬೇಕಾಗದಂತೆ ಮೊದಲು ಪ್ರತಿ ತೆಗೆದುಕೊಳ್ಳಬೇಕು. ಸ್ಕ್ಯಾನರ್ ಇದ್ದರೆ ಸಾಮಾನ್ಯ ಪುಟಕ್ಕೆ 300 ಡಿಪಿಐ ಸಾಕು, ಮಾಸಿದ ಪೆನ್ಸಿಲಿನ ಬರಹಕ್ಕೂ ಸಣ್ಣ ಫೋಟೋಗಳಿಗೂ 600 ಇರಲಿ. ಫೋನಿನಲ್ಲಿ ತೆಗೆಯುವುದಾದರೆ ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ, ಫ್ಲಾಶ್ ಇಲ್ಲದೆ, ಕಾಗದದ ನಾಲ್ಕು ಅಂಚೂ ಕಾಣುವಂತೆ ತೆಗೆಯಿರಿ. ಕಲೆಗಳನ್ನು ತಾನಾಗಿಯೇ ಬಿಳಿಚಿಸುವ ಸ್ಕ್ಯಾನಿಂಗ್ ಆ್ಯಪ್‌ಗಳು ಮಾಸಿದ ಅಕ್ಷರವನ್ನೂ ಕಲೆಯೆಂದೇ ತಿಳಿದು ಅಳಿಸಿಬಿಡುತ್ತವೆ. ಖಾಲಿಯೆಂದು ಕಂಡ ಹಿಂಬದಿಯನ್ನೂ ಬಿಡಬೇಡಿ.

ಓದುವುದಕ್ಕೆ ಅವಸರ ಮಾಡಬಾರದು. ಒಬ್ಬರ ಕೈಬರಹದ ಐದಾರು ಪುಟಗಳನ್ನು ನೋಡಿ, ಅವರು ‘ಪ’, ‘ಷ’, ‘ಮ’, ‘ಯ’ಗಳನ್ನೂ ಒತ್ತಕ್ಷರಗಳನ್ನೂ ಹೇಗೆ ಬರೆಯುತ್ತಾರೆಂದು ಒಂದು ಪಟ್ಟಿ ಮಾಡಿಕೊಂಡರೆ ಉಳಿದ ಪುಟಗಳು ಸಲೀಸಾಗುತ್ತವೆ. ಹಳೆಯ ಕಾಗದಗಳ ಒಕ್ಕಣೆಯನ್ನೂ ತಿಳಿದಿರಬೇಕು. ‘ಮ|| ರಾ|| ರಾ||’ ಎಂದರೆ ಮಹಾರಾಜ ರಾಜಶ್ರೀ, ‘ಉ|| ಕು|| ಸಾಂಪ್ರತ’ ಎಂದರೆ ಉಭಯ ಕುಶಲೋಪರಿ ಸಾಂಪ್ರತ, ‘ಚಿ||’ ಎಂದರೆ ಚಿರಂಜೀವಿ. ಚಿರಂಜೀವಿಯೆಂದು ಬರೆದಿದ್ದರೆ ಆ ವ್ಯಕ್ತಿ ಬರೆದವರಿಗಿಂತ ಕಿರಿಯ, ಆಗಿನ್ನೂ ಬದುಕಿದ್ದ ಎಂಬಷ್ಟು ತಿಳಿಯಿತು. ಕ್ರಯಪತ್ರಗಳಲ್ಲಿ ಬರುವ ‘ಬಿನ್’ ಎಂಬುದು ಇಂಥವರ ಮಗ, ‘ಕೋಂ’ ಎಂಬುದು ಇಂಥವರ ಹೆಂಡತಿ ಎಂಬರ್ಥದವು. ಇವುಗಳನ್ನು ಹೆಸರಿನ ಭಾಗವೆಂದು ತಿಳಿದು ‘ಬಿನ್‌ಗೌಡ’ನೆಂಬ ಇಲ್ಲದ ಪೂರ್ವಜನನ್ನು ಸೃಷ್ಟಿಸಿಕೊಂಡವರನ್ನು ನಾನು ಬಲ್ಲೆ.

ಟೈಪು ಮಾಡುವಾಗ ಯೂನಿಕೋಡಿನಲ್ಲಿಯೇ ಮಾಡಿ, ಹಳೆಯ ಫಾಂಟುಗಳಲ್ಲಿ ಮಾಡಿದ ಕಡತ ನಾಳೆ ತೆರೆಯದೆ ಹೋಗಬಹುದು. ತಾತ ‘ವರ್ಸ’ ಎಂದು ಬರೆದಿದ್ದರೆ ‘ವರ್ಷ’ವೆಂದು ತಿದ್ದಬೇಡಿ, ಅವರ ಮಾತಿನ ಧಾಟಿ ಇರುವುದೇ ಆ ಕಾಗುಣಿತದಲ್ಲಿ. ಓದಲಾಗದ ಪದಕ್ಕೆ ಚೌಕ ಕಂಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದಕ್ಕೆ ಹೋಗಿ, ಊಹಿಸಿ ತುಂಬಬೇಡಿ. ಹತ್ತು ಪುಟ ಮುಂದೆ ಹೋದಾಗ ಅದೇ ಪದ ಸ್ಪಷ್ಟವಾಗಿ ಸಿಕ್ಕುವುದುಂಟು. ನಮ್ಮ ತಾತನ ಪುಸ್ತಕಗಳಲ್ಲಿ ಹಾಗೆ ಕಾಡಿದ ಒಂದು ಪದ ಕೊನೆಗೆ ಎತ್ತಿನ ಹೆಸರಾಗಿತ್ತು.

ತಾರೀಖು ಹಿಡಿಯುವುದು

ಹಳೆಯ ತಲೆಮಾರಿನವರು ಇಸವಿಗಿಂತ ಸಂವತ್ಸರವನ್ನೇ ಹೆಚ್ಚಾಗಿ ಬರೆದರು. ಸಂವತ್ಸರಗಳು ಅರವತ್ತು, ಆದ್ದರಿಂದ ಒಂದು ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಮೊದಲನೆಯದಾದ ಪ್ರಭವ 1927ರ ಯುಗಾದಿಗೂ 1987ರ ಯುಗಾದಿಗೂ ಆರಂಭವಾಯಿತೆಂಬುದನ್ನು ನೆನಪಿಟ್ಟುಕೊಂಡರೆ ಉಳಿದದ್ದನ್ನು ಎಣಿಸಬಹುದು. ಕಾವೇರಿಯ ದೊಡ್ಡ ಪ್ರವಾಹದ 1924 ರಕ್ತಾಕ್ಷಿ, ಶಿವಪುರದ ಧ್ವಜ ಸತ್ಯಾಗ್ರಹದ 1938 ಬಹುಧಾನ್ಯ. ಸಂವತ್ಸರ ಬದಲಾಗುವುದು ಯುಗಾದಿಗೆ, ಜನವರಿ ಒಂದಕ್ಕಲ್ಲ. ಈಶ್ವರ ಸಂವತ್ಸರದ ಚೈತ್ರ 1937ಕ್ಕೆ ಸೇರಿದರೆ ಅದೇ ಸಂವತ್ಸರದ ಫಾಲ್ಗುಣ 1938ರ ಮಾರ್ಚಿಗೆ ಬರುತ್ತದೆ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಬೇಕು, ಅಲ್ಲಿಯೂ ಯುಗಾದಿಗೆ ಹಿಂದಿನ ತಿಂಗಳುಗಳಿಗೆ 79 ಆಗುತ್ತದೆ.

ಕೆಲವು ವರ್ಷಗಳಲ್ಲಿ ಹೆಚ್ಚುವರಿಯಾಗಿ ಸೇರುವ ತಿಂಗಳಾದ ಅಧಿಕಮಾಸದಲ್ಲಿ ತಪ್ಪುವವರು ಬಹಳ. 1947ರ ಆಗಸ್ಟ್ 15 ಎಂಬುದು ಸರ್ವಜಿತು ಸಂವತ್ಸರದ ಅಧಿಕ ಶ್ರಾವಣ ಬಹುಳ ಚತುರ್ದಶಿ, ಶುಕ್ರವಾರ. ಬರೆದವರು ‘ಅಧಿಕ’ವೆಂಬುದನ್ನು ಬಿಟ್ಟಿದ್ದರೆ, ಅಥವಾ ಓದುವವರು ಗಮನಿಸದಿದ್ದರೆ, ತಾರೀಖು ಒಂದು ತಿಂಗಳು ಮುಂದಕ್ಕೆ ಹೋಗಿ ನಿಜ ಶ್ರಾವಣದ ಚತುರ್ದಶಿಗೆ ಬೀಳುತ್ತದೆ, ಆಗ ವಾರ ಶುಕ್ರವಾರವಾಗುವುದಿಲ್ಲ. ಹೀಗೆ ತಿಥಿಯ ಜೊತೆಗೆ ವಾರವನ್ನು ಬರೆದಿದ್ದರೆ ಅದನ್ನೇ ತಾಳೆ ನೋಡುವ ಸಾಧನವಾಗಿ ಬಳಸಬೇಕು. ಶ್ರಾದ್ಧದ ತಿಥಿಗಳಿಂದ ಮಾಸ, ಪಕ್ಷ, ತಿಥಿ ಖಚಿತವಾಗಿ ಸಿಕ್ಕುತ್ತವೆ, ಯಾಕೆಂದರೆ ಅವನ್ನು ಪ್ರತಿ ವರ್ಷ ಆಚರಿಸಲೇಬೇಕು. ವರ್ಷವನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಪೋಸ್ಟ್ ಕಾರ್ಡುಗಳು ತಮ್ಮ ವಯಸ್ಸನ್ನು ತಾವೇ ಹೇಳಿಕೊಳ್ಳುತ್ತವೆ. ವಿಳಾಸದಲ್ಲಿ ‘ಮಂಡ್ಯ ತಾಲ್ಲೂಕು, ಮೈಸೂರು ಜಿಲ್ಲೆ’ ಎಂದಿದ್ದರೆ ಅದು ಬಹುಶಃ 1939ಕ್ಕೆ ಹಿಂದಿನದು, ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಆ ವರ್ಷದ ಜುಲೈಯಲ್ಲಿ. ಅಚ್ಚಾದ ಬೆಲೆ ನಯೇ ಪೈಸೆಯಲ್ಲಿದ್ದರೆ ಆ ಕಾರ್ಡು 1957ಕ್ಕೆ ಹಿಂದಿನದಾಗಿರಲಾರದು. ಪಿನ್‌ಕೋಡ್ ಬರೆದಿದ್ದರೆ 1972ರ ಆಗಸ್ಟ್ ಆದ ಮೇಲಿನದು. ನಾನು ಕೆಡಿಸಿದ ಮೊದಲ ತಂತಿಯ ಕಾರ್ಡುಗಳಲ್ಲಿ ಸುಮಾರು ಅರ್ಧದಷ್ಟನ್ನು ಇಂಥ ಗುರುತುಗಳಿಂದಲೇ ಮತ್ತೆ ಸಾಲಿಗೆ ತಂದೆ, ಉಳಿದರ್ಧ ಹಾಗೆಯೇ ಉಳಿಯಿತು.

ಕಚೇರಿಗಳಲ್ಲಿ

ಜಮೀನಿದ್ದ ಮನೆತನಕ್ಕೆ ಜಮೀನಿನ ದಾಖಲೆಯೇ ಮೊದಲ ವಂಶಾವಳಿ. ಸರ್ವೆ ನಂಬರು ಗೊತ್ತಿದ್ದರೆ ಇಂದಿನ ಪಹಣಿಯಿಂದ ಆರಂಭಿಸಿ, ಮ್ಯುಟೇಶನ್ನುಗಳ, ಅಂದರೆ ಖಾತೆ ಬದಲಾವಣೆಗಳ ಮೂಲಕ ಹಿಂದಕ್ಕೆ ನಡೆಯಬಹುದು. ಕಂಪ್ಯೂಟರ್ ಪಹಣಿ ಬಂದದ್ದು ಭೂಮಿ ಯೋಜನೆಯೊಡನೆ, ಸುಮಾರು 2000ದ ಈಚೆಗೆ. ಅದಕ್ಕೂ ಹಿಂದಿನ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆಕಾರ್‌ಬಂದು, ಟಿಪ್ಪಣಿಗಳೆಂಬ ಹಕ್ಕು, ಅಳತೆ, ಕಂದಾಯದ ಹಳೆಯ ದಾಖಲೆಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೂ ಭೂಮಾಪನ ಶಾಖೆಗೂ ಅರ್ಜಿ ಕೊಡಬೇಕು. 2024ರಿಂದ ಭೂ ಸುರಕ್ಷಾ ಯೋಜನೆಯಡಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿರುವುದರಿಂದ ಮೊದಲು ಅದನ್ನು ವಿಚಾರಿಸುವುದು ಒಳ್ಳೆಯದು. ಸರ್ವೆ ನಂಬರು 48 ಮುಂದೆ 48/1, 48/2, 48/3 ಎಂದು ಒಡೆದಿದ್ದರೆ ಅಲ್ಲಿ ಒಂದು ವಿಭಾಗ ನಡೆದಿರುವ ಸಂಭವ ಹೆಚ್ಚು, ಮೂವರು ಅಣ್ಣತಮ್ಮಂದಿರನ್ನು ಹುಡುಕಬಹುದು.

ನೋಂದಾಯಿತ ಕ್ರಯಪತ್ರ, ವಿಭಾಗಪತ್ರಗಳ ನಕಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೊರೆಯುತ್ತದೆ. ಅವುಗಳಲ್ಲಿ ಎಲ್ಲರೂ ಹಾರಿಸಿ ಓದುವ ಭಾಗ ಚಕ್ಕುಬಂದಿ, ನನಗೆ ಅತ್ಯಂತ ಪ್ರಿಯವಾದದ್ದೂ ಅದೇ. ಪೂರ್ವಕ್ಕೆ ಚಿಕ್ಕೇಗೌಡನ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಕಾಳಮ್ಮನ ಗದ್ದೆ, ದಕ್ಷಿಣಕ್ಕೆ ನಾಲೆ ಎಂದು ನಾಲ್ಕು ಸಾಲು ಇರುತ್ತದೆ. ಒಂದೇ ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋದಾಗ ಪಕ್ಕದ ಹೊಲದವರೇ ದಾಯಾದಿಗಳು. ತಾತನ ಪಾಲುಪಾರೀಕತ್ತಿನ ಚಕ್ಕುಬಂದಿಯಲ್ಲಿ ಉತ್ತರ ದಿಕ್ಕಿಗೆ ಒಬ್ಬ ಹೆಂಗಸಿನ ಹೆಸರಿತ್ತು, ಹೆಸರಿನ ಮುಂದೆ ‘ಕೋಂ’ ಎಂದು ಇನ್ನೊಂದು ಹೆಸರು. ಮನೆಯಲ್ಲಿ ಯಾರೂ ಮಾತೆತ್ತದೆ ಇದ್ದ, ಮಕ್ಕಳಿಲ್ಲದೆ ತೀರಿಹೋದ ಮುತ್ತಾತನ ತಮ್ಮನೊಬ್ಬ ಅಲ್ಲಿ ಸಿಕ್ಕಿದ. ಅವನ ಹೆಂಡತಿ ಬಹಳ ವರ್ಷ ಆ ಗದ್ದೆಯನ್ನು ತಾನೇ ಮಾಡಿಸಿಕೊಂಡು ಬದುಕಿದ್ದಳೆಂಬುದು ಆಮೇಲಿನ ಕಂದಾಯದ ರಸೀದಿಗಳಿಂದ ತಿಳಿಯಿತು.

ಊರಿನ ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ಪಾಂಡವಪುರ ಹಳೆಯ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್ ಆಗಿರುತ್ತದೆ, ಕೃಷ್ಣರಾಜಪೇಟೆ ಅಟ್ಟಿಕುಪ್ಪೆಯಾಗಿರುತ್ತದೆ. ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿದ ಊರುಗಳವರು ಬೇರೆಡೆ ನೆಲೆಸಿದ್ದರಿಂದ ಅವರ ಹಳೆಯ ದಾಖಲೆ ಈಗಿನ ಊರಿನಲ್ಲಿ ಸಿಕ್ಕುವುದಿಲ್ಲ. 1963ರಲ್ಲಿ ಪಟೇಲಿಕೆ, ಶಾನುಭೋಗಿಕೆಗಳು ರದ್ದಾದಾಗ ಕೆಲವು ಮನೆಗಳಲ್ಲಿ ಗ್ರಾಮಲೆಕ್ಕದ ಪುಸ್ತಕಗಳು ಉಳಿದುಕೊಂಡವು, ಹಿಂದಿನ ಶಾನುಭೋಗರ ಮೊಮ್ಮಕ್ಕಳನ್ನು ವಿನಯದಿಂದ ವಿಚಾರಿಸಿದರೆ ಕೆಲಸವಾಗುತ್ತದೆ. ಗೇಣಿ ಮಾಡುತ್ತಿದ್ದ ಮನೆತನದವರು ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ನಂತರ ಭೂನ್ಯಾಯಮಂಡಳಿಗೆ ಕೊಟ್ಟ 7ನೆಯ ನಮೂನೆಯ ಅರ್ಜಿಯನ್ನು ಹುಡುಕಬೇಕು. ಎಷ್ಟು ವರ್ಷದಿಂದ, ಯಾರ ಕಾಲದಿಂದ ಉಳುತ್ತಿದ್ದೇವೆಂದು ಹೇಳಿಕೊಂಡ ವಿವರ ಆ ಕಡತದಲ್ಲಿ ಸಿಕ್ಕಬಹುದು. ಜಮೀನೇ ಇಲ್ಲದ ಮನೆತನಗಳಿಗೆ ಶಾಲೆಯ ದಾಖಲಾತಿ ಪುಸ್ತಕವೇ ಆಧಾರ. ಆದರೆ ಅಲ್ಲಿರುವ ಜನ್ಮದಿನಾಂಕವನ್ನು ಹೆಡ್‌ಮಾಸ್ಟರು ಹುಡುಗನ ಎತ್ತರ ನೋಡಿ ಬರೆದದ್ದಿರಬಹುದು. ಇದಕ್ಕಿಂತ ಹಿಂದಿನ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವೂ ಮೈಸೂರಿನ ವಿಭಾಗೀಯ ಪತ್ರಾಗಾರ ಕಚೇರಿಯೂ ಇವೆ, ಊರಿನ ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿವೆ.

ಮುಯ್ಯಿ ಪುಸ್ತಕ

ಕಚೇರಿಯ ಕಾಗದ ಗಂಡಸರನ್ನು ಬಲ್ಲದು. ಹಳೆಯ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳು ಇರುವುದೇ ಇಲ್ಲ, ಇದ್ದರೂ ಮದುವೆಯಾಗಿ ಹೊರಟುಹೋದ ಮೇಲೆ ಅವರ ಸುಳಿವಿಲ್ಲ. ಆ ಕೊರತೆಯನ್ನು ತುಂಬುವುದು ಮದುವೆಗೆ ಬಂದವರು ಕೊಟ್ಟ ಉಡುಗೊರೆಯ ಲೆಕ್ಕ ಬರೆದ ಮುಯ್ಯಿ ಪುಸ್ತಕ. ನಮ್ಮ ದೊಡ್ಡಪ್ಪನ ಮದುವೆಯ ಪುಸ್ತಕ ಉದ್ದನೆಯ, ದಾರದಲ್ಲಿ ಹೊಲಿದ ಮಾಸಲು ಹಾಳೆಗಳದು. ಸಾಲಿಗೊಂದರಂತೆ ಊರು, ಹೆಸರು, ಎದುರಿಗೆ ರೂಪಾಯಿ ಆಣೆ. ಒಂದು ರೂಪಾಯಿ, ಎಂಟಾಣೆ, ಎಲ್ಲೋ ಕೆಲವು ಕಡೆ ಐದು ರೂಪಾಯಿ, ಒಂದು ಕಡೆ ‘ಅಕ್ಕಿ 1 ಪಲ್ಲ’. ಐದು ರೂಪಾಯಿ ಹಾಕಿದವರ ಊರುಗಳನ್ನು ಬೇರೆ ಪಟ್ಟಿ ಮಾಡಿದಾಗ ಅವುಗಳಲ್ಲಿ ಹೆಚ್ಚಿನವು ನಮ್ಮಲ್ಲಿಂದ ಹೆಣ್ಣು ಕೊಟ್ಟ ಅಥವಾ ನಮ್ಮಲ್ಲಿಗೆ ಹೆಣ್ಣು ತಂದ ಊರುಗಳೇ ಆಗಿದ್ದವು. ಮುಯ್ಯಿಯೆಂದರೆ ಹಿಂದೆ ಬಂದದ್ದನ್ನು ಹಿಂದಿರುಗಿಸುವುದಾದ್ದರಿಂದ ಸಂಬಂಧ ಎಷ್ಟು ಹತ್ತಿರವೋ ಮೊತ್ತ ಅಷ್ಟು ದೊಡ್ಡದು. ಮದುವೆಯ ಲಗ್ನಪತ್ರಿಕೆ, ಈ ಪುಸ್ತಕ, ತಂತಿಯ ಕಾರ್ಡುಗಳು ಮೂರನ್ನೂ ಜೊತೆಗಿಟ್ಟು ಓದಿದಾಗ ತಾತನ ನಾಲ್ವರು ಅಕ್ಕತಂಗಿಯರಲ್ಲಿ ಮೂವರ ಗಂಡನ ಮನೆಗಳು ಸಿಕ್ಕಿದವು. ಇಂಥ ಪುಸ್ತಕಗಳನ್ನು ಹಳೆಯ ಲೆಕ್ಕವೆಂದು ತೂಕಕ್ಕೆ ಹಾಕುವವರೇ ಹೆಚ್ಚು, ನಿಮ್ಮ ನೆಂಟರ ಮನೆಗಳಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ಹೋಗಿ ಕೇಳಿ.

ಹಿರಿಯರ ಬಾಯಿಂದ

ಮನೆತನದ ವಿಷಯ ವಿಚಾರಿಸಲು ಹೋದಾಗ ಮೊದಲು ಎದುರಾಗುವುದು ಅನುಮಾನ. ನಮ್ಮ ಸೋದರತ್ತೆಯ ಊರಿಗೆ ನಾನು ನೋಟ್‌ಬುಕ್ಕು ಹಿಡಿದು ಹೋದ ದಿನ, ಪಾಲು ಕೇಳುವುದಕ್ಕೆ ಬಂದವನೆಂದು ಜಗಲಿಯ ಮೇಲಿದ್ದವರೆಲ್ಲ ತೀರ್ಮಾನಿಸಿದ್ದರು. ಆದ್ದರಿಂದ ಸರ್ವೆ ನಂಬರಿನ ಮಾತನ್ನು ಮೊದಲ ಭೇಟಿಯಲ್ಲಿ ಎತ್ತಬೇಡಿ. ಒಂದು ಹಳೆಯ ಫೋಟೋ ಅಥವಾ ಕಾಗದ ಕೈಗೆ ಕೊಟ್ಟು ಸುಮ್ಮನೆ ಕುಳಿತರೆ ಪ್ರಶ್ನೆಗಳಿಗಿಂತ ಹೆಚ್ಚಿನ ಮಾತು ಬರುತ್ತದೆ. ಅನುಮತಿ ಕೇಳಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಕೂರಿಸಬೇಡಿ, ಇನ್ನೊಮ್ಮೆ ಹೋಗಿ.

ಇಸವಿ ಕೇಳಿದರೆ ಅವರು ಹೇಳಲಾರರು, ಘಟನೆ ಹೇಳುತ್ತಾರೆ. “ನಿಮ್ಮಪ್ಪ ಹುಟ್ಟಿದ್ದು ನಮ್ಮೂರ್ ನಾಲೆಗೆ ಮೊದ್ಲು ನೀರು ಬುಟ್ಟ ವರ್ಸ ಕಣಪ್ಪ” ಎಂದರು ಅತ್ತೆ. ಕನ್ನಂಬಾಡಿಯ ನಾಲೆಯ ನೀರು ಎಲ್ಲ ಊರಿಗೂ ಒಂದೇ ವರ್ಷ ಬರಲಿಲ್ಲ, ಕವಲು ನಾಲೆಗಳು ಮುಂದುವರಿದ ಹಾಗೆ ಒಂದೊಂದು ಊರಿಗೆ ಒಂದೊಂದು ವರ್ಷ ಬಂತು. ತಾತನ ಲೆಕ್ಕದ ಪುಸ್ತಕದಲ್ಲಿ ಖುಷ್ಕಿ ಹೊಲದ ರಾಗಿ ನಿಂತು ಭತ್ತದ ಲೆಕ್ಕ ಮೊದಲಾಗುವ ಪುಟ ಯಾವುದೆಂದು ನೋಡಿದೆ. ಶಾಲೆಯ ದಾಖಲೆಯಲ್ಲಿದ್ದ ಜನ್ಮವರ್ಷಕ್ಕೂ ಅದಕ್ಕೂ ಎರಡು ವರ್ಷದ ಅಂತರವಿತ್ತು, ಜಾತಕ ಅತ್ತೆಯ ಪರವಾಗಿತ್ತು. ಇಂಥ ಕಡೆ ಒಂದನ್ನು ಆರಿಸಿ ಉಳಿದದ್ದನ್ನು ಅಳಿಸದೆ, ಮೂರನ್ನೂ ಆಧಾರದೊಂದಿಗೆ ಬರೆದು, ನಿಮ್ಮ ಅಭಿಪ್ರಾಯವನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು.

ಹೆಳವರು ಊರಿಗೆ ಬಂದರೆ ಅವರನ್ನು ಕೂರಿಸಿ ಕೇಳಿ. ಮನೆತನಗಳ ವಂಶಾವಳಿಯನ್ನು ಹೇಳುವುದೇ ಅವರ ಕುಲಕಸುಬು, ನಿಮ್ಮವರು ಯಾವ ಮೂಲಸ್ಥಳದಿಂದ ಬಂದರೆಂಬ ಸುಳಿವು ಅವರಲ್ಲಿ ಸಿಕ್ಕಬಹುದು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಟ್ಟು, ಹತ್ತಿರದ ಮೂರು ನಾಲ್ಕು ತಲೆಮಾರುಗಳನ್ನು ಕಾಗದದೊಡನೆ ತಾಳೆ ನೋಡಿ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುವುದರಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳುತ್ತದೆ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡದಿದ್ದರೆ ಇಬ್ಬರು ಒಬ್ಬರಾಗಿಬಿಡುತ್ತಾರೆ.

ಪ್ರತಿಗಳು, ಹಕ್ಕು, ಮುಂದಿನ ನೆಲೆ

ಕಂಪ್ಯೂಟರಿನ ಕಡತಗಳಿಗೆ ಇಸವಿ ಮೊದಲು ಬರುವಂತೆ, ಪಟ್ಟಿಯ ಸಂಖ್ಯೆ ಕೊನೆಗೆ ಬರುವಂತೆ ಹೆಸರಿಡಿ. ಮೂರು ಪ್ರತಿಗಳಿರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ವರ್ಷಕ್ಕೊಮ್ಮೆ, ಪಿತೃಪಕ್ಷದ ಹೊತ್ತಿಗೆಂದು ಇಟ್ಟುಕೊಂಡರೂ ಆದೀತು, ಮೂರನ್ನೂ ತೆರೆದು ನೋಡಬೇಕು.

ಪ್ರಕಟಿಸುವ ಆಲೋಚನೆಯಿದ್ದರೆ ಹಕ್ಕಿನ ವಿಚಾರವನ್ನು ಮೊದಲೇ ಬಗೆಹರಿಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರಹದ ಹಕ್ಕು ಸಾಮಾನ್ಯವಾಗಿ ಬರೆದವರ ಮರಣದ ನಂತರ ಅರವತ್ತು ವರ್ಷ ಇರುತ್ತದೆ, ಅವರು ಬದುಕಿದ್ದಾಗ ಪ್ರಕಟವಾಗದ ಬರಹವಾದರೆ ಮೊದಲು ಪ್ರಕಟವಾದ ನಂತರ ಅರವತ್ತು ವರ್ಷ, ಅದು ಟ್ರಂಕು ಯಾರ ಮನೆಯಲ್ಲಿದೆಯೋ ಅವರೊಬ್ಬರಿಗೆ ಸೇರದೆ ವಾರಸುದಾರರೆಲ್ಲರಿಗೂ ಸೇರುತ್ತದೆ. ತಾತನಿಗೆ ಬಂದ ಕಾಗದಗಳ ವಿಷಯ ಇನ್ನೂ ಬೇರೆ: ಕಾಗದ ನಿಮ್ಮದು, ಅದರ ಬರಹದ ಹಕ್ಕು ಬರೆದವರ ಮನೆಯವರದು. ಕಾಯಿದೆಯನ್ನು ಬದಿಗಿಟ್ಟು ನೋಡಿದರೂ, ಸಾಲ, ಜಗಳ, ಮುರಿದುಹೋದ ಸಂಬಂಧಗಳ ಮಾತು ಇರುವ ಪುಟಗಳನ್ನು ಆ ಮನೆಯವರು ಬದುಕಿರುವವರೆಗೆ ಹೊರಗೆ ಹಾಕದಿರುವುದು ಮರ್ಯಾದೆ. ಅಂಥ ಪುಟಗಳನ್ನು ಸ್ಕ್ಯಾನ್ ಮಾಡಿ ಬೇರೆ ಇಟ್ಟಿದ್ದೇನೆ, ಹರಿದಿಲ್ಲ.

ಮೂಲಗಳನ್ನು ಯಾವುದಾದರೂ ಸಂಸ್ಥೆಗೆ ಒಪ್ಪಿಸುವುದಾದರೆ ಮೊದಲು ಅವರು ಇಂಥ ಖಾಸಗಿ ಬರಹಗಳನ್ನು ತೆಗೆದುಕೊಳ್ಳುವರೇ, ಎಲ್ಲಿ ಇಡುವರು, ಯಾರಿಗೆ ನೋಡಲು ಕೊಡುವರು, ಮನೆಯವರು ಬಂದರೆ ತೋರಿಸುವರೇ ಎಂಬುದನ್ನು ಕೇಳಿ, ಸಂಖ್ಯೆ ಹಾಕಿದ ಪಟ್ಟಿಯ ಮೇಲೆಯೇ ಸಹಿ ಮತ್ತು ಮೊಹರು ಪಡೆದುಕೊಳ್ಳಿ. ಪಟ್ಟಿಯಿಲ್ಲದೆ ಗಂಟನ್ನು ಹಾಗೆಯೇ ಕೊಟ್ಟು ಬಂದರೆ ಮುಂದೆ ಒಂದು ಹಾಳೆ ಕಾಣೆಯಾದರೂ ಕೇಳುವ ಬಾಯಿರುವುದಿಲ್ಲ. ನಮ್ಮ ಕಾಗದಗಳು ಸದ್ಯಕ್ಕೆ ಮೈಸೂರಿನ ನಮ್ಮ ಮನೆಯ ಬೀರುವಿನ ನಡುವಿನ ಅರೆಯಲ್ಲಿವೆ. ಪಟ್ಟಿಯ ಒಂದು ಪ್ರತಿಯನ್ನು ಗಂಟಿನ ಮೇಲೆಯೇ ಇಟ್ಟಿದ್ದೇನೆ. ಅದರ ಮೊದಲ ಸಾಲಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿದೆ: “ತಂತಿ 1: ಕಾರ್ಡುಗಳ ಮೂಲ ಕ್ರಮ ಕೆಟ್ಟಿದೆ, ಕೆಡಿಸಿದವನು ಮೊಮ್ಮಗ. ತಂತಿ 2: ಇದ್ದ ಹಾಗೆಯೇ ಇದೆ.”